ಆಕ್ಟೇನ್ ಎಷ್ಟು, ಕಿಡಿ ಯಾವಾಗ: ಬೈಕ್ ಎಂಜಿನ್ನಿನ ಟೈಮಿಂಗ್ ಹೊಂದಿಸುವ ಬಗೆ

ಪೆಟ್ರೋಲ್ ಪಂಪಿನ ಮೇಲೆ ಕಾಣುವ 91, 95, 98 ಎಂಬ ಅಂಕಿ ಇಂಧನದ ಶಕ್ತಿಯನ್ನು ಹೇಳುವುದಿಲ್ಲ. ಒಂದು ಲೀಟರ್ 91ರಲ್ಲಿ ಎಷ್ಟು ಶಾಖ ಇದೆಯೋ 98ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಉರಿ ಹಬ್ಬುವ ವೇಗದಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಒತ್ತಡ ಮತ್ತು ಬಿಸಿ ಏರಿದಾಗ, ಕಿಡಿ ಹಚ್ಚಿದ ಉರಿ ಬಂದು ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ಈ ಪೆಟ್ರೋಲ್ ಎಷ್ಟು ತಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಅಂದರೆ ಆಕ್ಟೇನ್ ತಾನೇ ಬಲ ಕೊಡುವುದಿಲ್ಲ. ಕಂಪ್ರೆಷನ್, ಅಂದರೆ ಪೆಟ್ರೋಲ್-ಗಾಳಿ ಮಿಶ್ರಣವನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಎಂಬುದನ್ನು, ಹೆಚ್ಚಿಸಲು, ಕಿಡಿಯನ್ನು ಸರಿಯಾದಷ್ಟು ಮೊದಲೇ ಕೊಡಲು ಅವಕಾಶ ಮಾಡಿಕೊಡುತ್ತದೆ. ಆ ಅವಕಾಶ ಬೇಕಿಲ್ಲದ ಎಂಜಿನ್ನಿಗೆ 98 ಹಾಕಿದರೆ ಸಿಗುವ ಲಾಭ ಸೊನ್ನೆ. ಟೈಮಿಂಗ್, ಅಂದರೆ ಕಿಡಿ ಬೀಳುವ ಗಳಿಗೆ, ತಪ್ಪಿದ ಎಂಜಿನ್ನಿಗೆ 98 ಹಾಕಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಐಸೊ-ಆಕ್ಟೇನ್ ಎಂಬ ಇಂಧನಕ್ಕೆ 100, ನಾರ್ಮಲ್ ಹೆಪ್ಟೇನ್‌ಗೆ 0 ಎಂದು ಇಟ್ಟು ಈ ಅಳತೆಗೋಲು ಮಾಡಿದ್ದಾರೆ. ಕಂಪ್ರೆಷನ್ ಬದಲಿಸಬಲ್ಲ ಒಂದೇ ಸಿಲಿಂಡರಿನ ಪರೀಕ್ಷಾ ಎಂಜಿನ್ನಿನಲ್ಲಿ ಇದನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. 600 ಆರ್‌ಪಿಎಂನಲ್ಲಿ, ಅಷ್ಟೇನೂ ಬಿಸಿಯಲ್ಲದ ಗಾಳಿಯಲ್ಲಿ ಅಳೆದದ್ದು ಆರ್‌ಒಎನ್. 900 ಆರ್‌ಪಿಎಂನಲ್ಲಿ, ಮಿಶ್ರಣವನ್ನು 149 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಳೆದದ್ದು ಎಂಒಎನ್. ಎರಡನೆಯದು ಸಾಮಾನ್ಯವಾಗಿ 8ರಿಂದ 10 ಅಂಕ ಕಡಿಮೆ ಬರುತ್ತದೆ. ಕೆಲವು ದೇಶಗಳಲ್ಲಿ ಪಂಪಿನ ಮೇಲೆ ಬರೆಯುವುದು ಈ ಎರಡರ ಸರಾಸರಿ. ಅಲ್ಲಿಯ 87 ಎಂದರೆ ಬೇರೆ ಕಡೆಯ ಸುಮಾರು 91 ಆರ್‌ಒಎನ್. ಅಲ್ಲಿಯ 91 ಎಂದರೆ ಸುಮಾರು 95. ಬೈಕಿನ ಕೈಪಿಡಿ ಕೇಳುವ ಅಂಕಿ ಯಾವ ಲೆಕ್ಕದ್ದು ಎಂದು ಮೊದಲು ನೋಡಿಕೊಳ್ಳಿ.

ಕಿಡಿ ಯಾಕೆ ಮೊದಲೇ ಬೀಳಬೇಕು

ಕಿಡಿ ಬಿದ್ದ ಕ್ಷಣಕ್ಕೇ ಒತ್ತಡ ಏರುವುದಿಲ್ಲ. ಪ್ಲಗ್ಗಿನ ತುದಿಯಲ್ಲಿ ಹುಟ್ಟಿದ ಪುಟ್ಟ ಉರಿ ಇಡೀ ಕೋಣೆಗೆ ಹಬ್ಬಲು ಸಮಯ ಬೇಕು. ಪಿಸ್ಟನ್ ಟಿಡಿಸಿ, ಅಂದರೆ ಮೇಲ್ತುದಿ, ದಾಟಿ 12ರಿಂದ 16 ಡಿಗ್ರಿ ಇಳಿದಿರುವಾಗ ಒತ್ತಡ ಗರಿಷ್ಠಕ್ಕೆ ಬಂದರೆ ಕ್ರ್ಯಾಂಕಿಗೆ ಪೂರ್ತಿ ಬಲ ಸಿಗುತ್ತದೆ. ಅದಕ್ಕಾಗಿಯೇ ಕಿಡಿಯನ್ನು ಟಿಡಿಸಿಗೆ ಮುಂಚೆ ಕೊಡುವುದು.

1500 ಆರ್‌ಪಿಎಂನಲ್ಲಿ ಟಿಡಿಸಿಗೆ 12 ಡಿಗ್ರಿ ಮೊದಲು ಕಿಡಿ ಬಿದ್ದು, 15 ಡಿಗ್ರಿ ನಂತರ ಒತ್ತಡ ಗರಿಷ್ಠವಾಯಿತು ಎನ್ನಿ. ಆ 27 ಡಿಗ್ರಿಗೆ ಹಿಡಿಯುವ ಸಮಯ 3 ಮಿಲಿಸೆಕೆಂಡ್. 6000 ಆರ್‌ಪಿಎಂನಲ್ಲಿ 30 ಡಿಗ್ರಿ ಮೊದಲು ಕಿಡಿ ಕೊಟ್ಟರೂ ಸಿಗುವುದು 1.25 ಮಿಲಿಸೆಕೆಂಡ್ ಮಾತ್ರ. ವೇಗ ಏರಿದಂತೆ ಒಳಗಿನ ಸುಳಿಯೂ ಜೋರಾಗಿ ಉರಿ ಬೇಗ ಹಬ್ಬುವುದರಿಂದ ಅಷ್ಟು ಸಾಕಾಗುತ್ತದೆ. ಬೇಗ ಹಬ್ಬಿದರೂ ಎಂಜಿನ್ನಿನ ವೇಗಕ್ಕೆ ಸರಿಗಟ್ಟಲಾರದು, ಆದ್ದರಿಂದ ಅಡ್ವಾನ್ಸ್, ಅಂದರೆ ಟಿಡಿಸಿಗೆ ಎಷ್ಟು ಡಿಗ್ರಿ ಮೊದಲು ಕಿಡಿ ಬೀಳುತ್ತದೆ ಎಂಬುದು, ಹೆಚ್ಚಬೇಕು. ಸಾಮಾನ್ಯವಾಗಿ ಐಡಲ್‌ನಲ್ಲಿ 5ರಿಂದ 15 ಡಿಗ್ರಿ, 3000–4000 ಆರ್‌ಪಿಎಂ ಹೊತ್ತಿಗೆ 28ರಿಂದ 38 ಡಿಗ್ರಿ ಇರುತ್ತದೆ. ದೊಡ್ಡ ಬೋರ್, ಎರಡು ವಾಲ್ವ್, ಬದಿಯಲ್ಲಿ ಪ್ಲಗ್ ಇರುವ ಹಳೆಯ ಎಂಜಿನ್ನಿಗೆ ಹೆಚ್ಚು ಬೇಕು. ನಾಲ್ಕು ವಾಲ್ವ್ ಇದ್ದು ಪ್ಲಗ್ ನಟ್ಟನಡುವೆ ಇದ್ದರೆ ಕಡಿಮೆ ಸಾಕು. ಎರಡು ಪ್ಲಗ್ ಇದ್ದರೆ ಇನ್ನೂ ಕಡಿಮೆ.

ಕಿಡಿ ತೀರ ಮೊದಲಾದರೆ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಬೆಳೆಯುತ್ತದೆ. ಉರಿ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ಎರಡೂ ಕಡೆಯಿಂದ ಅದುಮಿಸಿಕೊಂಡು, ಕಾದು, ಒಮ್ಮೆಲೇ ಸಿಡಿಯುತ್ತದೆ. ಇದೇ ನಾಕಿಂಗ್. ಆ ಸಿಡಿತದ ಒತ್ತಡದ ಅಲೆ ಪಿಸ್ಟನ್ ಮೇಲೆ ಸದಾ ಇರುವ ತೆಳುವಾದ ತಂಪು ಅನಿಲದ ಪದರವನ್ನು ಕಿತ್ತುಹಾಕುತ್ತದೆ. ಅಲ್ಯೂಮಿನಿಯಂಗೆ ನೇರ ಬಿಸಿ ತಗಲುತ್ತದೆ. ರಿಂಗ್ ನಡುವಿನ ಏಣು ಮುರಿಯುವುದು, ಪಿಸ್ಟನ್ ಅಂಚು ಇಲಿ ಕಡಿದಂತೆ ಆಗುವುದು ಇದರಿಂದಲೇ.

ಕಿಡಿ ತಡವಾದರೂ ತೊಂದರೆ ಇದೆ, ಸದ್ದು ಮಾತ್ರ ಬರುವುದಿಲ್ಲ. ಉರಿ ಮುಗಿಯುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಪಿಕಪ್ ಸತ್ತಂತಾಗುತ್ತದೆ, ಮೈಲೇಜ್ ಇಳಿಯುತ್ತದೆ, ಸೈಲೆನ್ಸರ್ ಪೈಪಿನ ಬುಡ ನೀಲಿ ಬಣ್ಣಕ್ಕೆ ತಿರುಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ನಾಕಿಂಗ್ ಭಯಕ್ಕೆ ಟೈಮಿಂಗ್ ಅನ್ನು ಸುಮ್ಮನೆ ಹಿಂದಕ್ಕೆ ಎಳೆದಿಡುವುದು ಸುರಕ್ಷಿತ ದಾರಿ ಎಂದು ಹಲವರು ನಂಬಿದ್ದಾರೆ. ಅದು ತಪ್ಪು.

ಮೊದಲು ಕಿವಿ

ನಾಕಿಂಗ್ ಸದ್ದು ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಅಲ್ಲಾಡಿಸಿದಂತೆ ಇರುತ್ತದೆ. ಬೋರ್ ಸಣ್ಣದಾದಷ್ಟೂ ಸದ್ದು ತೀಕ್ಷ್ಣ: 80 ಮಿ.ಮೀ. ಬೋರಿನಲ್ಲಿ ಸುಮಾರು 7 ಕಿಲೋಹರ್ಟ್ಸ್, 57 ಮಿ.ಮೀ. ಬೋರಿನಲ್ಲಿ ಸುಮಾರು 10. ಹೆಲ್ಮೆಟ್ ಒಳಗೆ ಗಾಳಿಯ ಸದ್ದಿನಲ್ಲಿ ಇದು ಸುಲಭವಾಗಿ ಮುಚ್ಚಿಹೋಗುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ವಾಹನ ಸಂಚಾರ ಇಲ್ಲದ ಏರುದಾರಿಯಲ್ಲಿ, ಪಕ್ಕದಲ್ಲಿ ಗೋಡೆಯೋ ದಿಬ್ಬವೋ ಇದ್ದು ಸದ್ದು ಮರಳಿ ಬರುವಂಥ ಕಡೆ ಪರೀಕ್ಷಿಸಿ. ಮೂರನೇ ಗೇರ್, 2500 ಆರ್‌ಪಿಎಂ, ಆಕ್ಸಿಲರೇಟರ್ ಮುಕ್ಕಾಲು ಭಾಗ ತಿರುಗಿಸಿ ಎರಡು ಮೂರು ಸೆಕೆಂಡ್ ಹಿಡಿಯಿರಿ. ಸದ್ದು ಕೇಳಿದ ಕೂಡಲೇ ಬಿಡಿ.

ಟ್ಯಾಪೆಟ್ ಸದ್ದಿನೊಂದಿಗೆ ಗೊಂದಲ ಬೇಡ. ಟ್ಯಾಪೆಟ್ ಸದ್ದು ಐಡಲ್‌ನಲ್ಲೂ ಇರುತ್ತದೆ, ಭಾರಕ್ಕೆ ಸಂಬಂಧಿಸಿದ್ದಲ್ಲ. ಕ್ಯಾಮ್ ಚೈನ್ ಸಡಿಲಾಗಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ಗಲಗಲ ಎನ್ನುತ್ತದೆ. ಪಿಸ್ಟನ್ ಸಡಿಲಿದ್ದರೆ ಎಂಜಿನ್ ತಣ್ಣಗಿರುವಾಗ ಬಡಿದು, ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ನಾಕಿಂಗ್ ಮಾತ್ರ ಬಿಸಿಯಲ್ಲಿ, ಭಾರದಲ್ಲಿ ಬರುತ್ತದೆ. ಗೇರ್ ಇಳಿಸಿದರೆ ಹೋಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಪ್ಲಗ್ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕೆ ಅಥವಾ ಹೊಳೆಯುವ ಲೋಹದ ಕಣ ಕಂಡರೆ ನಾಕಿಂಗ್ ನಡೆದಿದೆ, ಕಿವಿಗೆ ಕೇಳಿಸಿರಲಿ ಬಿಡಲಿ. ಲೋಹದ ಕಣ ಎಂದರೆ ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲಿಗೆ ಓಡಿಸುವುದನ್ನು ನಿಲ್ಲಿಸಿ. ಪ್ಲಗ್ಗಿನ ತುದಿಯೇ ಕರಗಿದ್ದರೆ ಅದು ಬೇರೆ ರೋಗ: ಕಾದ ಕಾರ್ಬನ್ನೋ ಅತಿ ಬಿಸಿ ಪ್ಲಗ್ಗೋ ಕಿಡಿಗೂ ಮೊದಲೇ ಹೊತ್ತಿಸುತ್ತಿದೆ. ಅದಕ್ಕೆ ಆಕ್ಟೇನ್ ಏರಿಸುವುದು ಮದ್ದಲ್ಲ. ತಂಪು ಬಗೆಯ ಪ್ಲಗ್ ಕೊಳ್ಳುವಾಗ ಎಚ್ಚರ: ಎನ್‌ಜಿಕೆ ಪ್ಲಗ್‌ಗಳಲ್ಲಿ ಶಾಖದ ಅಂಕಿ ಹೆಚ್ಚಾದಂತೆ ಪ್ಲಗ್ ತಂಪು, ಬಾಷ್‌ನಲ್ಲಿ ಅದೇ ತಿರುಗುಮುರುಗು.

ಟೈಮಿಂಗ್ ಮುಟ್ಟುವ ಮೊದಲು

ಹೊಸದಾಗಿದ್ದಾಗ 91ರಲ್ಲಿ ಸದ್ದಿಲ್ಲದೆ ಓಡಿದ ಎಂಜಿನ್ ಈಗ ನಾಕ್ ಮಾಡುತ್ತಿದ್ದರೆ ಪೆಟ್ರೋಲನ್ನು ದೂರುವ ಮುನ್ನ ಎಂಜಿನ್ನಿನಲ್ಲಿ ಬದಲಾಗಿದ್ದೇನು ಎಂದು ಹುಡುಕಿ. ಹೆಚ್ಚು ಬಾರಿ ಸಿಗುವ ಉತ್ತರ ಕಾರ್ಬನ್.

57 ಮಿ.ಮೀ. ಬೋರ್, 58 ಮಿ.ಮೀ. ಸ್ಟ್ರೋಕ್ ಇರುವ ಎಂಜಿನ್ ತೆಗೆದುಕೊಳ್ಳಿ. ಸಿಲಿಂಡರಿನ ಅಳತೆ 148 ಸಿಸಿ. ಟಿಡಿಸಿಯಲ್ಲಿ ಮೇಲೆ ಉಳಿಯುವ ಜಾಗ 15.6 ಸಿಸಿ ಇದ್ದರೆ ಕಂಪ್ರೆಷನ್ 10.5. ಪಿಸ್ಟನ್ ತಲೆ, ಹೆಡ್ಡಿನ ಒಳಮೈ ಸೇರಿ ಸುಮಾರು 55 ಚದರ ಸೆಂ.ಮೀ. ಇದರ ಮೇಲೆ 0.15 ಮಿ.ಮೀ. ದಪ್ಪ ಕಾರ್ಬನ್ ಕೂತರೆ 0.8 ಸಿಸಿ ಜಾಗ ಹೋಯಿತು, ಕಂಪ್ರೆಷನ್ 11 ಆಯಿತು. ಅಷ್ಟೇ ಅಲ್ಲ, ಕಾರ್ಬನ್ ಬಿಸಿಯನ್ನು ಹಿಡಿದಿಟ್ಟುಕೊಂಡು ಒಳಬರುವ ಮಿಶ್ರಣವನ್ನೂ ಕಾಯಿಸುತ್ತದೆ. ಇಷ್ಟಕ್ಕೇ ಕೆಲವು ಅಂಕ ಹೆಚ್ಚಿನ ಆಕ್ಟೇನ್ ಬೇಕಾಗುತ್ತದೆ. ಹೆಡ್ ಇಳಿಸಿ, ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಕೆರೆಯುವ ಪಟ್ಟಿಯಿಂದ ತೆಗೆಯಿರಿ. ಉಕ್ಕಿನ ಸ್ಕ್ರೂಡ್ರೈವರ್ ಎಳೆದ ಗೀರಿನ ಅಂಚು ಮುಂದೆ ಕಾದು ಕೆಂಪಾಗುವ ಜಾಗವಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹೊಸದೇ ಇರಲಿ.

ಕಂಪ್ರೆಷನ್ ಇಳಿಸಲೆಂದು ಎರಡು ಗ್ಯಾಸ್ಕೆಟ್ ಹಾಕುವ ಉಪಾಯ ಬೇಡ. ಪಿಸ್ಟನ್ ಅಂಚಿಗೂ ಹೆಡ್ಡಿಗೂ ನಡುವೆ ಉಳಿಯುವ ಕಿರಿದಾದ ಸಂದಿಗೆ ಸ್ಕ್ವಿಶ್ ಎನ್ನುತ್ತಾರೆ. ಅದು 0.8ರಿಂದ 1 ಮಿ.ಮೀ. ಸುಮಾರಿಗೆ ಇದ್ದಾಗ ಮೂಲೆಯ ಮಿಶ್ರಣವನ್ನು ನಡುವಿಗೆ ಚಿಮ್ಮಿಸಿ, ಉರಿಯನ್ನು ಚುರುಕು ಮಾಡಿ, ನಾಕಿಂಗ್ ತಡೆಯುತ್ತದೆ. ಸಂದಿ ದೊಡ್ಡದಾದರೆ ಕಂಪ್ರೆಷನ್ ಇಳಿದೂ ನಾಕಿಂಗ್ ಹೆಚ್ಚಾಗಬಹುದು. ಅಳೆಯಲು, ಸಂದಿಗಿಂತ ದಪ್ಪನೆಯ ಮೆದು ಸಾಲ್ಡರ್ ತಂತಿಯ ತುಂಡುಗಳನ್ನು ಪಿಸ್ಟನ್ ಮೇಲೆ, ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಗಜನ್ ಪಿನ್ನಿನ ನೇರಕ್ಕೆ ಎರಡು ತುದಿಗೂ ಗ್ರೀಸಿನಲ್ಲಿ ಅಂಟಿಸಿ, ಹೆಡ್ ಬಿಗಿದು, ಎಂಜಿನ್ನನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯ ದಪ್ಪವೇ ಉತ್ತರ.

ಉಳಿದವು ಬೇಗ ನೋಡಬಹುದಾದವು. ಇಂಟೇಕ್ ರಬ್ಬರಿನ ಬಿರುಕಿನಿಂದ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಐಡಲ್‌ನಲ್ಲಿ ಆ ರಬ್ಬರಿನ ಸುತ್ತ ಕಾರ್ಬುರೇಟರ್ ಕ್ಲೀನರ್ ತುಸುವೇ ಚಿಮುಕಿಸಿ. ಆರ್‌ಪಿಎಂ ಬದಲಾದರೆ ಸೋರಿಕೆ ಇದೆ. ಬಿಸಿ ಸೈಲೆನ್ಸರ್ ಮೇಲೆ ಮಾತ್ರ ಬೀಳಬಾರದು. ಸವೆದ ರಿಂಗ್ ಅಥವಾ ವಾಲ್ವ್ ಸೀಲ್ ಮೂಲಕ ಆಯಿಲ್ ಏರಿದರೆ ಅದೇ ಆಕ್ಟೇನ್ ಅನ್ನು ಕೆಳಗೆಳೆಯುತ್ತದೆ: ಸೈಲೆನ್ಸರಿನಲ್ಲಿ ನೀಲಿ ಹೊಗೆ ಇದ್ದರೆ ಟೈಮಿಂಗ್ ಕೆಲಸ ಆಮೇಲೆ. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳಲ್ಲಿ ಕೆಸರು ತುಂಬಿದ್ದರೆ ತೊಳೆಯಿರಿ.

ನಿಜವಾದ ಟಿಡಿಸಿ

ಮ್ಯಾಗ್ನೆಟ್ಟಿನ, ಅಂದರೆ ಕ್ರ್ಯಾಂಕಿನ ತುದಿಗೆ ಕೂರಿಸಿದ ಆಯಸ್ಕಾಂತದ ಚಕ್ರದ, ಮೇಲಿನ ಗುರುತುಗಳನ್ನು ಕುರುಡಾಗಿ ನಂಬಬೇಡಿ, ಅದೂ ಮ್ಯಾಗ್ನೆಟ್ ಹಿಂದೆಂದೋ ಬಿಚ್ಚಿದ ಬೈಕಾದರೆ. ಪ್ಲಗ್ ತೆಗೆದು ಆ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ ಹಾಕಿ. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು, ತುದಿ ಗುಂಡಗೆ ಮಾಡಿದ ಬೋಲ್ಟ್ ಕೂರಿಸಿದರೂ ನಡೆಯುತ್ತದೆ. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಕಟ್ಟಿ, ಅದರ ಅಂಕಿ ತೋರಿಸಲು ಎಂಜಿನ್ ಮೈಗೆ ಒಂದು ಮುಳ್ಳು ಕೂರಿಸಿ. ಕೈಯಿಂದ ನಿಧಾನ ತಿರುಗಿಸಿ, ಪಿಸ್ಟನ್ ತಗಲಿ ನಿಂತ ಕಡೆ ಓದಿ. ಹಿಂದಕ್ಕೆ ತಿರುಗಿಸಿ, ಇನ್ನೊಂದು ಕಡೆಯಿಂದ ತಗಲಿದಾಗ ಓದಿ. ಎರಡರ ನಟ್ಟನಡುವೆ ಟಿಡಿಸಿ. ಒಂದು ಕಡೆ 52, ಇನ್ನೊಂದು ಕಡೆ 48 ಬಂದರೆ ಮುಳ್ಳನ್ನು 2 ಡಿಗ್ರಿ ಸರಿಸಿ, ಎರಡೂ 50 ಆಗುವವರೆಗೆ ಮತ್ತೆ ನೋಡಿ. ಸ್ಟಾಪ್ ಒಳಗಿರುವಾಗ ಸೆಲ್ಫ್ ಸ್ಟಾರ್ಟರ್ ಒತ್ತಬಾರದು, ಕಿಕ್ಕೂ ಹೊಡೆಯಬಾರದು. ಈ ಟಿಡಿಸಿಗೂ ಮ್ಯಾಗ್ನೆಟ್ಟಿನ ಟಿ ಗುರುತಿಗೂ ಹೊಂದಾಣಿಕೆ ಇಲ್ಲದಿದ್ದರೆ ಮ್ಯಾಗ್ನೆಟ್ಟಿನ ಅರ್ಧಚಂದ್ರ ಕೀಲಿ ತುಂಡಾಗಿರುವ ಅನುಮಾನ ಬಲವಾಗಲಿ. ಮ್ಯಾಗ್ನೆಟ್ಟನ್ನು ಹಿಡಿದಿಡುವುದು ಕೀಲಿಯಲ್ಲ, ಕ್ರ್ಯಾಂಕಿನ ಟೇಪರ್. ಟೇಪರ್ ಒಣಗಿ ಶುಭ್ರವಾಗಿರಬೇಕು, ನಟ್ ಟಾರ್ಕ್ ರೆಂಚಿನಲ್ಲೇ ಬಿಗಿಯಬೇಕು.

ಗುರುತೇ ಇಲ್ಲದಿದ್ದರೆ ಮಾಡಿಕೊಳ್ಳಿ. ಮ್ಯಾಗ್ನೆಟ್ಟಿನ ವ್ಯಾಸವನ್ನು 3.1416ರಿಂದ ಗುಣಿಸಿ 360ರಿಂದ ಭಾಗಿಸಿದರೆ ಒಂದು ಡಿಗ್ರಿಯ ಉದ್ದ ಸಿಗುತ್ತದೆ, 110 ಮಿ.ಮೀ. ವ್ಯಾಸಕ್ಕೆ 0.96 ಮಿ.ಮೀ. ಟೈಮಿಂಗನ್ನು ಪಿಸ್ಟನ್ ಎತ್ತರದಲ್ಲಿ ಹೇಳುವ ಕೈಪಿಡಿಗಳಿಗೆ ಡಯಲ್ ಗೇಜ್ ಬೇಕು. ಮೇಲೆ ಹೇಳಿದ 58 ಮಿ.ಮೀ. ಸ್ಟ್ರೋಕಿನ ಎಂಜಿನ್ನಿಗೇ 105 ಮಿ.ಮೀ. ಕನೆಕ್ಟಿಂಗ್ ರಾಡ್ ಇದ್ದರೆ ಟಿಡಿಸಿಗೆ 20 ಡಿಗ್ರಿ ಮೊದಲು ಎಂದರೆ ಪಿಸ್ಟನ್ 2.22 ಮಿ.ಮೀ. ಕೆಳಗೆ, 21 ಎಂದರೆ 2.44. ಕಾಲು ಮಿಲಿಮೀಟರ್ ತಪ್ಪಿದರೂ ಒಂದು ಡಿಗ್ರಿಗೂ ಹೆಚ್ಚು ಹೋಯಿತು.

ಪಾಯಿಂಟ್ ಇರುವ ಎಂಜಿನ್

ಪಾಯಿಂಟ್ ಎಂದರೆ ಕ್ಯಾಮ್ ತಿರುಗಿದಂತೆ ತೆರೆದು ಮುಚ್ಚುವ ಪುಟ್ಟ ಸ್ವಿಚ್, ಅದು ತೆರೆದ ಕ್ಷಣ ಕಿಡಿ ಬೀಳುತ್ತದೆ. ಮೊದಲು ಗ್ಯಾಪ್, ಅಂದರೆ ಅದರ ಎರಡು ತುದಿಗಳ ನಡುವಿನ ಸಂದಿ, ಆಮೇಲೆ ಟೈಮಿಂಗ್. ಈ ಕ್ರಮ ತಿರುಗಿದರೆ ಕೆಲಸ ಪೂರಾ ವ್ಯರ್ಥ, ಯಾಕೆಂದರೆ ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಕಡಿಮೆಯಾದರೆ ಹಿಂದಕ್ಕೆ. ಕ್ಯಾಮ್‌ಗೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದ ಬೈಕ್ ತಾನಾಗಿ ಮಂಕಾಗುವುದು ಇದರಿಂದಲೇ. ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜಿನಲ್ಲಿ 0.30ರಿಂದ 0.40 ಮಿ.ಮೀ. ಸಾಮಾನ್ಯ. ಕ್ಯಾಮ್ ಒರೆಸುವ ಫೆಲ್ಟಿಗೆ ಎರಡು ಹನಿ ಆಯಿಲ್ ಬಿಡಿ.

ಬ್ಯಾಟರಿ-ಕಾಯಿಲ್ ಬಗೆಯಲ್ಲಿ, ಪಾಯಿಂಟಿನಿಂದ ಕಾಯಿಲ್‌ಗೆ ಹೋಗುವ ತಂತಿಗೂ ಎಂಜಿನ್ ಮೈಗೂ ನಡುವೆ ಚಿಕ್ಕ ಬಲ್ಬ್ ಹಾಕಿ ಇಗ್ನಿಷನ್ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹೊತ್ತುತ್ತದೆ. ಎಂಜಿನ್ ಓಡುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಬನ್ನಿ. ಎಫ್ ಗುರುತು, ಅಂದರೆ ಐಡಲ್‌ನಲ್ಲಿ ಕಿಡಿ ಬೀಳಬೇಕಾದ ಜಾಗದ ಗೆರೆ, ಎಂಜಿನ್ ಮೈಮೇಲಿನ ಸೂಚಿಯ ಎದುರು ಬರುವುದಕ್ಕೂ ಬಲ್ಬ್ ಹೊತ್ತುವುದಕ್ಕೂ ಸರಿಹೊಂದಬೇಕು. ದಾಟಿಹೋದರೆ ಕಾಲು ಸುತ್ತು ಹಿಂದಕ್ಕೆ ಹೋಗಿ ಮತ್ತೆ ಬನ್ನಿ, ಇಲ್ಲದಿದ್ದರೆ ಸಡಿಲಿನ ತಪ್ಪು ಸೇರುತ್ತದೆ. ಪಾಯಿಂಟ್ ಪ್ಲೇಟನ್ನು ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಸರಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ಸರಿಸಿದರೆ ರಿಟಾರ್ಡ್, ಅಂದರೆ ಕಿಡಿ ತಡ. ಪಾಯಿಂಟ್ ಮುಚ್ಚಿಟ್ಟು ಇಗ್ನಿಷನ್ ಆನ್‌ನಲ್ಲೇ ಬಿಟ್ಟರೆ ಕಾಯಿಲ್ ಸುಡುತ್ತದೆ.

ಸ್ಟ್ರೋಬ್ ದೀಪ

ಮೇಲಿನದು ಅರ್ಧ ಕೆಲಸ. ಪಿಸ್ಟನ್ ಉಳಿಯುವುದೋ ಹೋಗುವುದೋ ನಿರ್ಧಾರವಾಗುವುದು ಪೂರ್ಣ ಅಡ್ವಾನ್ಸಿನಲ್ಲಿ, ಅದು ಕಾಣುವುದು ಓಡುವ ಎಂಜಿನ್ನಿನಲ್ಲಿ ಮಾತ್ರ. ಸ್ಟ್ರೋಬ್ ಎಂದರೆ ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ದೀಪ. ಅದಕ್ಕೆ ಪ್ರತ್ಯೇಕ 12 ವೋಲ್ಟ್ ಬ್ಯಾಟರಿ ಕೊಡಿ, ಕ್ಲಿಪ್ಪನ್ನು ಬಾಣದ ಗುರುತು ಪ್ಲಗ್ ಕಡೆಗಿರುವಂತೆ ಪ್ಲಗ್ ತಂತಿಗೆ ಹಾಕಿ. ಗುರುತುಗಳಿಗೆ ಬಿಳಿ ಬಣ್ಣ ತೀಡಿಕೊಳ್ಳಿ. ಎಂಜಿನ್ ಎದುರು ಫ್ಯಾನ್ ಇಡಿ, ಗಾಳಿ ಆಡುವ ಜಾಗದಲ್ಲಿ ಮಾಡಿ. ಆಯಿಲ್‌ನಲ್ಲಿ ಮುಳುಗಿದ ಮ್ಯಾಗ್ನೆಟ್ಟಾದರೆ ನೋಡುವ ಕಿಂಡಿಯಿಂದ ಆಯಿಲ್ ಸಿಡಿಯುತ್ತದೆ, ಬಟ್ಟೆ ಹಿಡಿದಿರಿ.

ಐಡಲ್‌ನಲ್ಲಿ ಎಫ್ ಗೆರೆ ಸೂಚಿಯ ಎದುರು ನಿಂತಂತೆ ಕಾಣಬೇಕು. ಎಫ್ ಇನ್ನೂ ಸೂಚಿಗೆ ಬಂದಿಲ್ಲದಂತೆ ಕಂಡರೆ ಟೈಮಿಂಗ್ ಮುಂದಿದೆ, ದಾಟಿಹೋದಂತೆ ಕಂಡರೆ ಹಿಂದಿದೆ. ನಿಧಾನ ರೇಸ್ ಕೊಡಿ: 1500–2000ದ ನಂತರ ಗೆರೆ ಸರಾಗವಾಗಿ ಸರಿಯಬೇಕು, 4000ದ ಒಳಗೆ ಪೂರ್ಣ ಅಡ್ವಾನ್ಸಿನ ಗುರುತಾದ ಜೋಡಿಗೆರೆ ಸೂಚಿಯ ಎದುರು ಬಂದು ನಿಲ್ಲಬೇಕು. ಗೆರೆ ಕುಣಿದರೆ ಪಾಯಿಂಟ್ ಶಾಫ್ಟ್ ಅಥವಾ ಕ್ಯಾಮ್ ಚೈನ್ ಸವೆದಿದೆ. ತಟ್ಟನೆ ಹಾರಿದರೆ ವೇಗ ಏರಿದಂತೆ ಹೊರಕ್ಕೆ ಸರಿದು ಕಿಡಿಯನ್ನು ಮುಂದಕ್ಕೆ ತರುವ ಅಡ್ವಾನ್ಸ್ ತೂಕಗಳ ಸ್ಪ್ರಿಂಗ್ ಸೋತಿದೆ. ಕಡಿಮೆ ವೇಗದಲ್ಲೇ ಪೂರ್ತಿ ಅಡ್ವಾನ್ಸ್ ಬಂದು ಏರಿನಲ್ಲಿ ನಾಕ್ ಮಾಡುವ ಬೈಕಿನಲ್ಲಿ ಕಾಣುವುದು ಇದೇ. ಸರಿಯದೇ ಇದ್ದರೆ ತೂಕಗಳು ತುಕ್ಕಿನಿಂದ ಹಿಡಿದುಕೊಂಡಿವೆ. ಅಡ್ವಾನ್ಸಿನಲ್ಲೇ ಸಿಕ್ಕಿಕೊಂಡಿದ್ದರೆ ಕಿಕ್ ಹಿಂದಕ್ಕೆ ಒದೆಯುತ್ತದೆ, ಕಾಲು ಮುರಿಯುವಷ್ಟು ಜೋರಾಗಿ. ಎರಡು ಗುರುತೂ ಒಟ್ಟಿಗೆ ಹೊಂದದಿದ್ದರೆ ಪೂರ್ಣ ಅಡ್ವಾನ್ಸ್ ಹೊಂದಿಸಿ, ಐಡಲ್ ಗುರುತು ಒಂದೆರಡು ಡಿಗ್ರಿ ಆಚೀಚೆ ಇರಲಿ ಬಿಡಿ.

ಡಿಗ್ರಿ ತಿರುಪು ಇರುವ ದೀಪಗಳಲ್ಲಿ ಒಂದು ಬಲೆ ಇದೆ. ಬಹಳ ಬೈಕ್‌ಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಬೀಳುತ್ತದೆ, ಎರಡು ಸುತ್ತಿಗೆ ಒಂದಲ್ಲ. ಆಗ ಕಾರಿನ ಲೆಕ್ಕದಲ್ಲಿ ಕೆಲಸ ಮಾಡುವ ದೀಪ ತಪ್ಪು ಡಿಗ್ರಿ ತೋರಿಸುತ್ತದೆ. ತಿರುಪನ್ನು ಸೊನ್ನೆಯಲ್ಲಿಟ್ಟು ಮ್ಯಾಗ್ನೆಟ್ಟಿನ ಗುರುತನ್ನೇ ಓದಿ.

ಸಿಡಿಐ, ಅಂದರೆ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಪೆಟ್ಟಿಗೆ ಕಿಡಿ ಕೊಡುವ ಬೈಕಿನಲ್ಲಿ, ಕಿಡಿಯ ಗಳಿಗೆ ತಿಳಿಸುವ ಪಿಕಪ್ ಕಾಯಿಲ್ ಮತ್ತು ಮ್ಯಾಗ್ನೆಟ್ಟಿನ ಉಬ್ಬಿನ ನಡುವಿನ ಸಂದಿ ನೋಡಿ, ಸಾಮಾನ್ಯವಾಗಿ 0.5ರಿಂದ 0.8 ಮಿ.ಮೀ. ಸ್ಟೇಟರ್ ಪ್ಲೇಟಿನಲ್ಲಿ ಉದ್ದ ರಂಧ್ರ ಇದ್ದರೆ ಸರಿಸಬಹುದು. ಇಲ್ಲದಿದ್ದರೆ ಸರಿಸುವ ಅಗತ್ಯ ಬಿದ್ದದ್ದೇ ಕೀಲಿ, ಪಿಕಪ್ ಅಥವಾ ಸಿಡಿಐ ಕೆಟ್ಟಿರುವ ಸೂಚನೆ.

ಎಷ್ಟು ಅಡ್ವಾನ್ಸ್ ಸಾಕು

ಕಂಪನಿಯ ಅಂಕಿಯೇ ಮೊದಲ ಆಯ್ಕೆ. ಹೆಡ್, ಪಿಸ್ಟನ್, ಸೈಲೆನ್ಸರ್ ಬದಲಾಗಿದ್ದರೆ ಮಾತ್ರ ಪ್ರಯೋಗ ಬೇಕು. ನಿಮಗೆ ದಿನವೂ ಸಿಗುವ ಪೆಟ್ರೋಲ್‌ಗಳಲ್ಲಿ ಅತಿ ಕಡಿಮೆ ಆಕ್ಟೇನಿನದನ್ನು ಹಾಕಿಕೊಳ್ಳಿ. ಪೂರ್ಣ ಅಡ್ವಾನ್ಸನ್ನು 28 ಡಿಗ್ರಿಯಿಂದ ಶುರು ಮಾಡಿ. ಒಂದೇ ಗೇರಿನಲ್ಲಿ, ಒಂದೇ ಖಾಲಿ ದಾರಿಯಲ್ಲಿ 3000ದಿಂದ 6000 ಆರ್‌ಪಿಎಂಗೆ ಏರಲು ಹಿಡಿಯುವ ಸೆಕೆಂಡ್ ಬರೆದಿಟ್ಟುಕೊಳ್ಳಿ, ಮೂರು ಸಲ. 2 ಡಿಗ್ರಿ ಏರಿಸಿ, ಮತ್ತೆ ಅಳೆಯಿರಿ, ಪ್ಲಗ್ ನೋಡಿ. ಸಮಯ ಇಳಿಯುವುದು ನಿಂತ ಜಾಗದಿಂದ ಒಂದು ಹೆಜ್ಜೆ ಹಿಂದೆ ಬನ್ನಿ. ಸದ್ದು ಬರುವವರೆಗೆ ಏರಿಸಿ ಆಮೇಲೆ ಸ್ವಲ್ಪ ಇಳಿಸುವ ಹಳೆಯ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಸದ್ದು ಬರುವ ಹೊತ್ತಿಗೆ ಬಲದ ಗರಿಷ್ಠ ದಾಟಿ ಹೋಗಿರುತ್ತದೆ. ಆ ಗರಿಷ್ಠದ ಸುತ್ತ 2 ಡಿಗ್ರಿ ಕಡಿಮೆಯಾದರೆ ಬಲ ಹೋಗುವುದು ಶೇಕಡಾ ಒಂದರ ಆಸುಪಾಸು. ನಾಕಿಂಗ್‌ನಿಂದ ದೂರ ಉಳಿಯಲು ಸಿಗುವ ಅಂತರ ಅದಕ್ಕಿಂತ ಬಹಳ ದೊಡ್ಡದು.

ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಇನ್ನೂ ಬಿಗಿ ಹಿಡಿಯಬೇಕು. ಅಲ್ಲಿ ಪ್ರತಿ ಸುತ್ತಿಗೂ ಉರಿ, ಪಿಸ್ಟನ್ನಿಗೆ ಬಿಡುವಿಲ್ಲ. ಒಂದು ಡಿಗ್ರಿಯಂತೆ ಮಾತ್ರ ಸರಿಸಿ.

ಎಥನಾಲ್, ಆಕ್ಟೇನ್ ಬಾಟಲಿ, ಇಸಿಯು

ಎಥನಾಲ್ ಬೆರೆಸಿದರೆ ಆಕ್ಟೇನ್ ಏರುತ್ತದೆ, ಆದರೆ ಅದಕ್ಕೆ ಬೇಕಾದ ಗಾಳಿ ಕಡಿಮೆ: ಪೆಟ್ರೋಲ್‌ಗೆ 14.7 ಪಾಲು, ಎಥನಾಲ್‌ಗೆ 9 ಪಾಲು. ಶೇಕಡಾ 10 ಬೆರಕೆಯಲ್ಲಿ ಕಾರ್ಬುರೇಟರ್ ಬೈಕಿನ ಮಿಶ್ರಣ ಸುಮಾರು ಶೇಕಡಾ 4, ಶೇಕಡಾ 20ರಲ್ಲಿ ಸುಮಾರು 7 ತೆಳುವಾಗುತ್ತದೆ. ಪ್ಲಗ್ ಬೆಳ್ಳಗಾಗಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಒಂದೆರಡು ಅಳತೆ ದೊಡ್ಡದು ಹಾಕಿ, ಟೈಮಿಂಗ್ ಮುಟ್ಟಬೇಡಿ. ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಆ ನೀರಿನೊಂದಿಗೆ ತಳಕ್ಕಿಳಿಯುತ್ತದೆ, ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕುಸಿಯುತ್ತದೆ. ಮಳೆಗಾಲ ನಿಂತಿದ್ದ ಬೈಕ್ ನಾಕ್ ಮಾಡಿದರೆ ಟ್ಯಾಂಕ್ ಬಸಿದು ಗಾಜಿನ ಸೀಸೆಯಲ್ಲಿ ನೋಡಿ. ಎರಡು ಪದರ ಕಂಡರೆ ಪೂರ್ತಿ ಚೆಲ್ಲಬೇಕಾದ ಇಂಧನ ಅದು.

ಆಕ್ಟೇನ್ ಹೆಚ್ಚಿಸುವ ಬಾಟಲಿಗಳ ಮೇಲೆ ಬರೆದ "ಪಾಯಿಂಟ್" ಎಂದರೆ ಬಹುಪಾಲು ಅಂಕದ ಹತ್ತನೇ ಒಂದು ಭಾಗ. 30 ಪಾಯಿಂಟ್ ಎಂದರೆ 91 ಹೋಗಿ 94, 121 ಅಲ್ಲ. ಫೆರೋಸಿನ್ ಅಥವಾ ಮ್ಯಾಂಗನೀಸ್ ಇರುವ ಬಾಟಲಿ ಪ್ಲಗ್ಗಿನ ಮೇಲೆ ಕೆಂಪು ಪುಡಿ ಬಿಡುತ್ತದೆ, ಅದು ಹೆಚ್ಚಾದರೆ ಕಿಡಿ ಅಲ್ಲೇ ಸೋರಿಹೋಗುತ್ತದೆ.

ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇರುವ ಬೈಕಿನಲ್ಲಿ ನಾಕ್ ಸೆನ್ಸರ್ ಇದೆಯೇ ಎಂದು ಮೊದಲು ತಿಳಿದುಕೊಳ್ಳಿ. ಚಿಕ್ಕ ಎಂಜಿನ್‌ಗಳಲ್ಲಿ ಬಹುಪಾಲು ಇರುವುದಿಲ್ಲ. ಅಲ್ಲಿ ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚಿನ ಆಕ್ಟೇನನ್ನು ಇಸಿಯು ಗುರುತಿಸುವುದೇ ಇಲ್ಲ. ಸೆನ್ಸರ್ ಇದ್ದರೆ ಸಿಡಿತ ಕೇಳಿದ ಕೂಡಲೇ ಕೆಲವು ಡಿಗ್ರಿ ಹಿಂದಕ್ಕೆ ಎಳೆದು, ನಿಧಾನವಾಗಿ ಮರಳಿ ಕೊಡುತ್ತದೆ. ಆ ಸೆನ್ಸರಿನ ಬೋಲ್ಟ್ ಸುಮಾರು 20 ನ್ಯೂಟನ್ ಮೀಟರ್ ಬಿಗಿ ಇರಬೇಕು. ಸಡಿಲಿದ್ದರೂ ಅತಿ ಬಿಗಿಯಾದರೂ ಅದಕ್ಕೆ ಕೇಳುವುದು ತಪ್ಪಾಗುತ್ತದೆ. ಎಂಜಿನ್ ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳಿದರೂ ಟೈಮಿಂಗ್ ತಪ್ಪುತ್ತದೆ, ಅದನ್ನೂ ಮೀಟರಿನಲ್ಲಿ ನೋಡಿ.

ಪ್ಲೇಟ್ ಸರಿಸಿದ ಬೈಕಾದರೆ, ಸ್ಕ್ರೂ ಬಿಗಿದ ಮೇಲೆ ಸ್ಟ್ರೋಬ್ ಇನ್ನೊಮ್ಮೆ ಹಿಡಿಯಿರಿ: ಬಿಗಿಯುವಾಗಲೇ ಪ್ಲೇಟ್ ಒಂದು ಡಿಗ್ರಿ ಸರಿದುಬಿಡುತ್ತದೆ. ಕೊನೆಗೆ ಪ್ಲೇಟಿಗೂ ಎಂಜಿನ್ ಮೈಗೂ ಸೇರುವಂತೆ ಒಂದು ಗೀಟು ಎಳೆದಿಡಿ, ಮುಂದಿನ ಸಲ ಬಿಚ್ಚುವವರಿಗೆ ಅದೇ ಆಧಾರ.